ಖುಕ್ರಿಯನ್ನು ಮುಳುಗಿಸಿದ್ದು ಘಾಜಿ ಅಲ್ಲ: ಒಂದು ಸ್ಪಷ್ಟನೆ

ಎಲ್ಲರಿಗೂ ನಮಸ್ಕಾರ. ನೌಕಾಪಡೆ ದಿನದಂದು ನಮ್ಮ ಸರಸ್ವತಿಪುರಂ ವಾಕಿಂಗ್ ಗುಂಪಿಗೆ ನಾನೇ ಹಾಕಿದ್ದ ಒಂದು ಮೆಸೇಜ್ ಈಗ ಮಂಡ್ಯದ ನೆಂಟರ ಗುಂಪಿನಿಂದ ತಿರುಗಿ ನನಗೇ ಬಂದಿದೆ. ಅದರಲ್ಲಿ ಹೀಗಿದೆ: "1971ರಲ್ಲಿ ಪಾಕಿಸ್ತಾನದ ಘಾಜಿ ಸಬ್‌ಮರೀನ್ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಆ ಸೇಡಿಗೆ ನಾವು ಘಾಜಿಯನ್ನು ಮುಳುಗಿಸಿದೆವು."

ಇದು ತಪ್ಪು. ದಿನಾಂಕ ನೋಡಿದರೆ ಸಾಕು. ಘಾಜಿ ಮುಳುಗಿದ್ದು ಡಿಸೆಂಬರ್ 3ರ ನಡುರಾತ್ರಿಯ ಆಸುಪಾಸಿನಲ್ಲಿ, ವಿಶಾಖಪಟ್ಟಣದ ಹತ್ತಿರ. ಖುಕ್ರಿ ಮುಳುಗಿದ್ದು ಡಿಸೆಂಬರ್ 9ರ ರಾತ್ರಿ, ದಿಯು ಕಡೆಯ ಅರಬ್ಬೀ ಸಮುದ್ರದಲ್ಲಿ. ಅಷ್ಟೊತ್ತಿಗೆ ಘಾಜಿ ಬಂಗಾಳಕೊಲ್ಲಿಯ ತಳ ಸೇರಿ ಐದು ದಿನ ಕಳೆದಿತ್ತು.

ಖುಕ್ರಿಗೆ ಟಾರ್ಪೆಡೋ ಹೊಡೆದದ್ದು ಪಾಕಿಸ್ತಾನದ್ದೇ ಆದ ಹಂಗೋರ್ ಎಂಬ ಬೇರೆ ಸಬ್‌ಮರೀನ್. ಅದು ಫ್ರಾನ್ಸ್‌ನಲ್ಲಿ ಕಟ್ಟಿದ್ದು. ಘಾಜಿಯಾದರೋ ಅಮೆರಿಕದ ಡಯಾಬ್ಲೋ ಎಂಬ ಹಳೆಯ ಸಬ್‌ಮರೀನ್. ಎರಡನೇ ಮಹಾಯುದ್ಧದ ನಂತರ ಸಬ್‌ಮರೀನ್ ದಾಳಿಗೆ ಮುಳುಗಿದ ಮೊದಲ ಯುದ್ಧನೌಕೆ ಖುಕ್ರಿ. ಸಬ್‌ಮರೀನ್ ಬೇಟೆಗೆಂದೇ ಕಟ್ಟಿದ ಹಡಗು ಅದು. ಕೆಲವೇ ನಿಮಿಷಗಳಲ್ಲಿ ನೀರುಪಾಲಾಯಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ದಿಯುಗೆ ಹೋದವರು ಅಲ್ಲಿನ ಖುಕ್ರಿ ಸ್ಮಾರಕ ನೋಡಿರಬಹುದು.

ಘಾಜಿ ಹೇಗೆ ಮುಳುಗಿತು ಅನ್ನೋದರ ಬಗ್ಗೆ ಎರಡೂ ದೇಶಗಳ ಮಾತು ಬೇರೆ ಬೇರೆ. ಐಎನ್‌ಎಸ್ ರಜಪೂತ್ ದಾಳಿಯಿಂದ ಅಂತ ನಮ್ಮವರು ಹೇಳಿದರೆ, ಆಕಸ್ಮಿಕ ಸ್ಫೋಟದಿಂದ ಅಂತ ಅವರು. ಆದರೆ ಮೊದಲು ಮುಳುಗಿದ್ದು ಘಾಜಿಯೇ, ಅದರಲ್ಲಿ ತಕರಾರಿಲ್ಲ.

ಪಕ್ಕದ ಮನೆ ಹುಡುಗಿ ಶಾಲೆಯ ಭಾಷಣಕ್ಕೆ ಇದೇ ಮೆಸೇಜನ್ನು ನೋಟ್‌ಬುಕ್ಕಿಗೆ ಬರೆದುಕೊಂಡಿದ್ದಳು. ನಿನ್ನೆ ಅವಳ ಜೊತೆ ಕೂತು ಆ ಸಾಲು ಹೊಡೆದು ಹಾಕಿಸಿದೆ. ನಿಮ್ಮ ಹತ್ತಿರವೂ ಇದ್ದರೆ ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.