‘ಹೊಸ ವರ್ಶನ್ ಹಾಕ್ಕೊಳ್ಳಿ’ ಅನ್ನುವ ಮುಂಚೆ: ಪುಟ್ಟ ಲಿನಕ್ಸ್ ನೋಟಿಫಿಕೇಶನ್ ಟೂಲ್ ಒಂದನ್ನು ಬಾಳಿಸುವ ಬಗ್ಗೆ

ಪರದೆಯ ಮೂಲೆಯಲ್ಲಿ ‘ಯುಪಿಎಸ್ ಬ್ಯಾಟರಿ 20% ಇದೆ, ಫೈಲ್ ಸೇವ್ ಮಾಡಿ’ ಎಂದು ತೋರಿಸುವ ಪ್ರೋಗ್ರಾಂ ಬರೆಯೋದು ಒಂದು ಸಂಜೆಯ ಕೆಲಸ. ಅದೇ ಪ್ರೋಗ್ರಾಂ ತುಮಕೂರಿನ ಡಿಟಿಪಿ ಅಂಗಡಿಯಲ್ಲೂ, ಕೋಲಾರದ ಟೊಮೆಟೊ ಮಂಡಿಯ ಲೆಕ್ಕದ ಟೇಬಲ್ ಮೇಲೂ, ಚಿಕ್ಕಬಳ್ಳಾಪುರ ಕಡೆಯ ಶಾಲೆಯ ಲ್ಯಾಬಿನಲ್ಲೂ ವರ್ಷಾನುಗಟ್ಟಲೆ ಕೆಟ್ಟು ನಿಲ್ಲದೆ ಓಡಬೇಕು ಅಂದರೆ ಮಾತ್ರ ಕಷ್ಟ ಶುರು. ಯಾಕಂದರೆ ನಮ್ಮ ಕಡೆ ಒಂದೇ ಕೋಣೆಯಲ್ಲಿ ಉಬುಂಟು 18.04, ಮಿಂಟ್, ಡೆಬಿಯನ್ 12, ಉಬುಂಟು 24.04 ಹೀಗೆ ಹಳೆ-ಹೊಸ ಲಿನಕ್ಸುಗಳೆಲ್ಲವೂ ಅಕ್ಕಪಕ್ಕ ಕೂತಿರುತ್ತವೆ.

ಇದಕ್ಕೆ ‘ಎಲ್ಲ ಅಪ್‌ಗ್ರೇಡ್ ಮಾಡ್ಕೊಳ್ಳಿ’ ಅಂದುಬಿಡೋದು ಸುಲಭ. ಆದರೆ 18.04ರ ನಂತರ ಬಂದ ಉಬುಂಟುವಿನ ಯಾವ ದೀರ್ಘಾವಧಿ ಬೆಂಬಲದ ಎಲ್‌ಟಿಎಸ್‌ಗೂ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಡೆಬಿಯನ್ ಕೂಡ 2025ರಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಇಂಟೆಲ್ ಇನ್‌ಸ್ಟಾಲರ್ ನಿಲ್ಲಿಸಿದೆ. ಎರಡು ಜಿಬಿ ರ‍್ಯಾಮಿನ ಹಳೆ 32 ಬಿಟ್ ಯಂತ್ರ ಹೋಗಬಹುದಾದ ಕೊನೆ ಸ್ಟಾಪ್ ತಲುಪಿಯಾಗಿದೆ. ಹಾಗಾಗಿ ಹೊಂದಿಕೊಳ್ಳಬೇಕಾದ್ದು ಟೂಲ್ ಬರೆದವರು, ಯಂತ್ರ ಇಟ್ಟುಕೊಂಡವರಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಸಾಧಿಸೋಕೆ ದೊಡ್ಡ ಶ್ರಮವೇನೂ ಬೇಕಿಲ್ಲ. ಲೈಬ್ರರಿಯ ವರ್ಶನ್ ನಂಬರಿನ ಹಿಂದೆ ಓಡೋದು ಬಿಟ್ಟು ಅದರ ಕೆಳಗಿರುವ ಪ್ರೋಟೋಕಾಲನ್ನು (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ರೀತಿಯ ಒಪ್ಪಂದ) ಹಿಡಿದರೆ ಮುಕ್ಕಾಲು ತಲೆನೋವು ಅಲ್ಲೇ ಕಳೆಯುತ್ತೆ.

ಮೊದಲು ತಲೆನೋವಿನ ಮೂಲ ನೋಡೋಣ. ಸೂಚನೆ ತೋರಿಸುವ ಕೆಲಸಕ್ಕೆ ಹೆಚ್ಚಿನವರು ಬಳಸುವ ಲೈಬ್ರರಿ ಲಿಬ್‌ನೋಟಿಫೈ. 2010ರ ಕೊನೆಗೆ ಬಂದ ಅದರ 0.7.0 ಆವೃತ್ತಿಯಲ್ಲಿ ‘ನೋಟಿಫೈ_ನೋಟಿಫಿಕೇಶನ್_ನ್ಯೂ’ ಫಂಕ್ಷನ್ನಿನ ನಾಲ್ಕನೇ ಆರ್ಗ್ಯುಮೆಂಟ್ ತೆಗೆದುಹಾಕಿದರು. ಅಲ್ಲಿಯವರೆಗೆ ತಲೆಬರಹ, ವಿಷಯ, ಐಕಾನ್ ಆದಮೇಲೆ ಯಾವ ಜಿಟಿಕೆ ವಿಜೆಟ್ಟಿಗೆ (ಕಿಟಕಿ, ಬಟನ್ನಿನಂಥ ಪರದೆಯ ಭಾಗ) ಅಂಟಿಸಬೇಕು ಎಂದೂ ಕೊಡಬೇಕಿತ್ತು. ಆಮೇಲೆ ಮೂರೇ ಸಾಕಾಯಿತು. ಲೈಬ್ರರಿಯ ಫೈಲ್ ಹೆಸರಿನ ಕೊನೆಯ ಅಂಕಿಯೂ 1ರಿಂದ 4ಕ್ಕೆ ಹೋಯಿತು. ಹಳೆ ಕೋಡನ್ನು ಹೊಸ ಹೆಡರಿನ ಜೊತೆ ಕಂಪೈಲ್ ಮಾಡಿದರೆ ‘ಆರ್ಗ್ಯುಮೆಂಟ್ ಜಾಸ್ತಿಯಾಯಿತು’ ಎಂಬ ಎರರ್ ಬರುತ್ತೆ. ಅದು ಪುಣ್ಯ, ಅಲ್ಲೇ ಗೊತ್ತಾಗುತ್ತೆ. ಲೈಬ್ರರಿಯನ್ನು ಓಡುವಾಗ ಡಿಎಲ್‌ಓಪನ್‌ನಿಂದ ತೆರೆಯುವವರ ಕಥೆ ಬೇರೆ. ಮೂರು ಆರ್ಗ್ಯುಮೆಂಟಿನ ಲೆಕ್ಕದಲ್ಲಿ ಹಳೆ ಲೈಬ್ರರಿಯನ್ನು ಕರೆದರೆ ನಾಲ್ಕನೆಯ ಜಾಗದಲ್ಲಿ ಬಿದ್ದಿರುವ ಕಸವನ್ನೇ ಅದು ವಿಜೆಟ್ ಅಂದುಕೊಂಡು ಕ್ರ್ಯಾಶ್ ಆಗುತ್ತೆ. ಹೊಸದಕ್ಕೆ ನಾಲ್ಕು ಕೊಟ್ಟರೆ 64 ಬಿಟ್ ಯಂತ್ರದಲ್ಲಿ ಏನೂ ಆಗದೆ ಓಡುತ್ತೆ, ಆದರೆ ಸಿ ಭಾಷೆಯ ನಿಯಮದಲ್ಲಿ ಅದು ತಪ್ಪೇ. ಎರಡು ಬೇರೆ ಬೇರೆ ಫಂಕ್ಷನ್ ಪಾಯಿಂಟರ್ ಇಟ್ಟುಕೊಂಡು, ಯಾವ ಫೈಲ್ ಸಿಕ್ಕಿತು ಅನ್ನೋದರ ಮೇಲೆ ಆರಿಸಿ. ಫೈರ್‌ಫಾಕ್ಸ್ ಕೂಡ ಲಿಬ್‌ನೋಟಿಫೈಯನ್ನು ಓಡುವಾಗಲೇ ಹುಡುಕುವ ದಾರಿ ಹಿಡಿದದ್ದು: ಮೊದಲು 4, ಸಿಗದಿದ್ದರೆ 1.

ಕಂಪೈಲ್ ಹೊತ್ತಿನಲ್ಲೇ ಬೇರ್ಪಡಿಸಲು ‘ನೋಟಿಫೈ_ಚೆಕ್_ವರ್ಶನ್’ ಎಂಬ ಮ್ಯಾಕ್ರೋ ಇದೆ. ಇಲ್ಲಿ ಒಂದು ಸಣ್ಣ ಗುಂಡಿ ಇದೆ, ಬಹಳ ಜನ ಬೀಳ್ತಾರೆ. ತೀರಾ ಹಳೆಯ ಹೆಡರುಗಳಲ್ಲಿ ಆ ಮ್ಯಾಕ್ರೋನೇ ಇಲ್ಲ. ‘ಈ ಮ್ಯಾಕ್ರೋ ಇದ್ದು, ಅದರ ಬೆಲೆ 0.7.0ಕ್ಕಿಂತ ಮೇಲಿದ್ದರೆ’ ಎಂದು ಒಂದೇ ಸಾಲಿನ ಷರತ್ತಿನಲ್ಲಿ ಬರೆದರೆ, ಮ್ಯಾಕ್ರೋ ಇಲ್ಲದ ಕಡೆ ಪ್ರೀಪ್ರೊಸೆಸರ್ ಆ ಸಾಲಿನ ಎರಡನೇ ಅರ್ಧವನ್ನೂ ಓದಲು ಹೋಗಿ ಆವರಣ ಚಿಹ್ನೆಯ ಹತ್ತಿರ ಎಡವುತ್ತೆ. ಮೊದಲು ‘ಇಲ್ಲದಿದ್ದರೆ ಸೊನ್ನೆ ಎಂದು ಡಿಫೈನ್ ಮಾಡು’ ಅಂತ ಬೇರೆ ಬ್ಲಾಕ್ ಬರೆದು, ಆಮೇಲೆ ಪರೀಕ್ಷೆ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ: ಹೊಸ ಟೂಲ್ ಆದರೆ ಈ ಸರ್ಕಸ್ಸೇ ಬೇಡ. 0.7ಕ್ಕಿಂತ ಹಳೆಯದನ್ನು ಹೊತ್ತು ತಿರುಗುತ್ತಿದ್ದ ಸೆಂಟ್‌ಓಎಸ್ 6ರ ಆಯುಸ್ಸು 2020ರ ನವೆಂಬರಿನಲ್ಲಿ ಮುಗಿಯಿತು. ಆ ಹಳೆ ಕವಲನ್ನು ಈಗ ಅಳಿಸಬಹುದು, ಅಳಿಸಬೇಕು. ಯಾರೂ ಪರೀಕ್ಷೆ ಮಾಡದ ಕೋಡ್ ‘ಸಪೋರ್ಟ್’ ಅನ್ನಿಸಿಕೊಳ್ಳಲ್ಲ.

ಹಾಗಾದರೆ ಯಾವುದನ್ನು ಹಿಡಿಯಬೇಕು? ಲಿಬ್‌ನೋಟಿಫೈ ಒಳಗೆ ಮಾಡುವುದು ಇಷ್ಟೇ: ಸೆಷನ್ನಿನ ಡಿ-ಬಸ್ (ಪ್ರೋಗ್ರಾಂಗಳ ನಡುವೆ ಸಂದೇಶ ಒಯ್ಯುವ ದಾರಿ) ಮೇಲೆ ಫ್ರೀಡೆಸ್ಕ್‌ಟಾಪ್ ನೋಟಿಫಿಕೇಶನ್ಸ್ ಎಂಬ ಹೆಸರಿನ ಸೇವೆಗೆ ‘ನೋಟಿಫೈ’ ಅನ್ನೋ ಮೆಥಡ್ ಕರೆಯೋದು. ಅದಕ್ಕೆ ಎಂಟು ಆರ್ಗ್ಯುಮೆಂಟ್: ಆ್ಯಪ್ ಹೆಸರು, ಯಾವ ಹಳೆ ಸೂಚನೆಯ ಜಾಗಕ್ಕೆ ಬರಬೇಕು ಎಂಬ ಸಂಖ್ಯೆ, ಐಕಾನ್, ತಲೆಬರಹ, ವಿಷಯ, ಬಟನ್ನುಗಳ ಪಟ್ಟಿ, ಹಿಂಟ್‌ಗಳ ಡಿಕ್ಷನರಿ, ಕೊನೆಗೆ ಮಿಲಿಸೆಕೆಂಡಿನಲ್ಲಿ ಅವಧಿ. ತಿರುಗಿ ಬರುವುದು ಒಂದು ಐಡಿ. ಗ್ನೋಮ್, ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಮಾಟೆ ಡೆಸ್ಕ್‌ಟಾಪುಗಳು, ಡನ್ಸ್ಟ್, ಮಾಕೋ ಎಂಬ ಪುಟ್ಟ ನೋಟಿಫಿಕೇಶನ್ ಸರ್ವರುಗಳು ಎಲ್ಲದರಲ್ಲೂ ಈ ಎಂಟರ ಸಾಲು ಒಂದೇ. ಜಿ-ಲಿಬ್ ಎಂಬ ಸಿ ಲೈಬ್ರರಿಯೊಳಗೆ ಡಿ-ಬಸ್ ಜೊತೆ ಮಾತಾಡುವ ಜಿಡಿಬಸ್ 2.26ರಿಂದ, ಅಂದರೆ 2010ರಿಂದ ಇದೆ. ಅದರಿಂದ ನೇರವಾಗಿ ಕರೆದರೆ ಲಿಬ್‌ನೋಟಿಫೈ ಅವಲಂಬನೆಯೇ ಬೇಡ. ನೂರು ಸಾಲಿನ ಒಂದು ಫೈಲ್, ಅದರಲ್ಲಿ ತೋರಿಸು, ಬದಲಿಸು, ಮುಚ್ಚು ಎಂಬ ಮೂರು ಫಂಕ್ಷನ್. ಡೆಸ್ಕ್‌ಟಾಪ್‌ಗೆ ಸಂಬಂಧಪಟ್ಟದ್ದೇನೇ ಬದಲಾದರೂ ಈ ಫೈಲ್ ಬಿಟ್ಟು ಆಚೆ ಹೋಗಬಾರದು.

ಕರೆಯುವಾಗ ಟೈಮೌಟ್ ಮರೀಬೇಡಿ. ಡೀಫಾಲ್ಟ್ ಬಿಟ್ಟರೆ ಸಾಮಾನ್ಯವಾಗಿ 25 ಸೆಕೆಂಡ್. ನೋಟಿಫಿಕೇಶನ್ ಸರ್ವರ್ (ಸೂಚನೆಯನ್ನು ಪರದೆಗೆ ತರುವ ಪ್ರೋಗ್ರಾಂ) ಹ್ಯಾಂಗ್ ಆಗಿದ್ದರೆ ನಿಮ್ಮ ಟೂಲೂ ಅಷ್ಟು ಹೊತ್ತು ಮರಗಟ್ಟಿ ನಿಲ್ಲುತ್ತೆ, ಅಷ್ಟರಲ್ಲಿ ಯುಪಿಎಸ್ ಕೈಕೊಟ್ಟಿರುತ್ತೆ. ಎರಡು ಸೆಕೆಂಡ್ ಇಡಿ. ಎರರ್ ಬಂದರೆ ಸ್ಟ್ಯಾಂಡರ್ಡ್ ಎರರ್‌ಗೆ ಒಂದು ಸಾಲು ಬರೆದು ಮುಂದೆ ಹೋಗಿ.

ಶೆಲ್ ಸ್ಕ್ರಿಪ್ಟ್ ಬರೆಯುವವರಿಗೂ ಇದೇ ದಾರಿ ಒಳ್ಳೇದು. ನೋಟಿಫೈ-ಸೆಂಡ್ ಕಮಾಂಡಿನ ಐಡಿ ಮುದ್ರಿಸುವ, ಹಳೆಯದನ್ನು ಬದಲಿಸುವ, ಬಟನ್ ತೋರಿಸುವ ಆಯ್ಕೆಗಳನ್ನು ಉಬುಂಟು 24.04ರಲ್ಲಿ ನೋಡಿ ಬರೆದರೆ 22.04ರಲ್ಲಿ ‘ಗೊತ್ತಿಲ್ಲದ ಆಯ್ಕೆ’ ಅನ್ನುತ್ತೆ, 22.04ರಲ್ಲಿರುವ ಲಿಬ್‌ನೋಟಿಫೈ 0.7.9, 24.04ರದ್ದು 0.8.3. ಜಿಡಿಬಸ್ ಕಮಾಂಡಿನಿಂದ ಅದೇ ಎಂಟು ಆರ್ಗ್ಯುಮೆಂಟ್ ಕೊಟ್ಟರೆ ಎರಡರಲ್ಲೂ ನಡೆಯುತ್ತೆ. ಬ್ಯಾಟರಿ 20, 19, 18 ಎಂದು ಇಳಿಯುವಾಗ ಒಂದರ ಮೇಲೊಂದು ಹೊಸ ಚೌಕ ಹುಟ್ಟದೆ ಒಂದೇ ಚೌಕದ ಅಂಕಿ ಬದಲಾಗಬೇಕೆಂದರೆ ಈ ಐಡಿ ಬೇಕೇ ಬೇಕು.

ಪ್ರೋಟೋಕಾಲ್ ಒಂದೇ ಆದರೂ ಸರ್ವರುಗಳ ಗುಣ ಒಂದೇ ಅಲ್ಲ. ಗ್ನೋಮ್ ಶೆಲ್ ನೀವು ಕೊಟ್ಟ ಅವಧಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ಹಳೆ ಉಬುಂಟುಗಳ ನೋಟಿಫೈ-ಓಎಸ್‌ಡಿ ಬಟನ್ನುಗಳನ್ನು ಒಪ್ಪುತ್ತಿರಲಿಲ್ಲ, ಕೊಟ್ಟರೆ ಗುಳ್ಳೆಯ ಬದಲು ಡಯಲಾಗ್ ಬಾಕ್ಸ್ ತಂದು ಮುಖಕ್ಕೆ ಹಿಡಿಯುತ್ತಿತ್ತು. ಇದನ್ನು ‘ಡೆಸ್ಕ್‌ಟಾಪ್ ಹೆಸರು ಇಂಥದ್ದಾದರೆ ಹೀಗೆ ಮಾಡು’ ಎಂದು ಬರೆಯತೊಡಗಿದರೆ ಆ ಪಟ್ಟಿಗೆ ಕೊನೆಯೇ ಇಲ್ಲ. ಸರ್ವರನ್ನೇ ಕೇಳಿ. ‘ಗೆಟ್ ಕೇಪಬಿಲಿಟೀಸ್’ ಎಂಬ ಮೆಥಡ್ ಇರೋದೇ ಅದಕ್ಕೆ. ಉತ್ತರದ ಪಟ್ಟಿಯಲ್ಲಿ ‘ಆ್ಯಕ್ಷನ್ಸ್’ ಇದ್ದರೆ ಮಾತ್ರ ಬಟನ್ ಕಳಿಸಿ, ‘ಬಾಡಿ-ಮಾರ್ಕಪ್’ ಇದ್ದರೆ ಮಾತ್ರ ದಪ್ಪಕ್ಷರದ ಟ್ಯಾಗ್ ಹಾಕಿ.

ಮಾರ್ಕಪ್ ವಿಷಯದಲ್ಲಿ ನಮ್ಮ ಮಾರುಕಟ್ಟೆಗಳಿಗೆ ಅಂಟಿದ ಒಂದು ತೊಂದರೆ ಇದೆ. ಎಪಿಎಂಸಿ ಯಾರ್ಡಿನಲ್ಲಿ ಒಂದು ಸುತ್ತು ಹೊಡೆಯಿರಿ, ಅರ್ಧ ಬೋರ್ಡುಗಳಲ್ಲಿ ‘& ಸನ್ಸ್’, ‘& ಕೋ’. ಮಾರ್ಕಪ್ ಓದುವ ಸರ್ವರಿಗೆ ಆ & ಚಿಹ್ನೆಯನ್ನು ಹಾಗೇ ಕೊಟ್ಟರೆ ಪಾರ್ಸ್ ಕೆಟ್ಟು ವಿಷಯ ಖಾಲಿ ಬರಬಹುದು, ಇಲ್ಲವೇ ಟ್ಯಾಗುಗಳೆಲ್ಲ ಬಯಲಿಗೆ ಬರಬಹುದು. ಜಿ-ಲಿಬ್‌ನ ಮಾರ್ಕಪ್ ಎಸ್ಕೇಪ್ ಫಂಕ್ಷನ್ ಬಳಸಿ, ಆದರೆ ವಿಷಯಕ್ಕೆ ಮಾತ್ರ, ಅದೂ ಸರ್ವರ್ ಮಾರ್ಕಪ್ ಓದುತ್ತೆ ಎಂದಾಗ ಮಾತ್ರ. ತಲೆಬರಹಕ್ಕೆ ಮಾರ್ಕಪ್ ಇಲ್ಲ. ಅದನ್ನೂ ಎಸ್ಕೇಪ್ ಮಾಡಿದರೆ ಮಂಡಿಯ ಹೆಸರಿನ ನಡುವೆ ಅರ್ಥವಾಗದ ಅಕ್ಷರಗಳು ಕಾಣಿಸುತ್ತವೆ.

ಹಿಂಟ್‌ಗಳಲ್ಲಿ ತುರ್ತು ಮಟ್ಟ ಒಂದು ಬೈಟ್ ಆಗಿರಬೇಕು: 0 ಸಾಧಾರಣಕ್ಕಿಂತ ಕಡಿಮೆ, 1 ಸಾಧಾರಣ, 2 ತುರ್ತು. ಪೈಥಾನಿನ ಡಿ-ಬಸ್ ಮಾಡ್ಯೂಲಿನಲ್ಲಿ ಬರೀ 2 ಎಂದು ಕೊಟ್ಟರೆ ಅದು 32 ಬಿಟ್ ಸಂಖ್ಯೆಯಾಗಿ ಹೋಗುತ್ತೆ, ಕೆಲವು ಸರ್ವರುಗಳು ಅದನ್ನು ಕಡೆಗಣಿಸುತ್ತವೆ. ಬೈಟ್ ಎಂದು ಸುತ್ತಿ ಕೊಡಿ. ಚಿತ್ರದ ಡೇಟಾ ಕಳಿಸುವ ಹಿಂಟಿನ ಹೆಸರು ಸ್ಪೆಸಿಫಿಕೇಶನ್ನಿನ 1.1ರಲ್ಲಿ ಅಂಡರ್‌ಸ್ಕೋರ್ ಜೊತೆ ಇತ್ತು, 1.2ರಲ್ಲಿ ಹೈಫನ್ ಆಯಿತು. ಆ ಗೋಜಿಗೇ ಹೋಗದೆ ಐಕಾನ್ ಫೈಲಿನ ಪೂರ್ತಿ ದಾರಿ ಕೊಟ್ಟರೆ ಮುಗೀತು.

ಇನ್ನು ಕನ್ನಡ. ಇಲ್ಲಿ ಆಗುವ ತಪ್ಪನ್ನು ಇಂಗ್ಲಿಷಿನಲ್ಲಿ ಟೆಸ್ಟ್ ಮಾಡುವವರು ಯಾವತ್ತೂ ಕಾಣಲ್ಲ. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರ, ಗುಣಿತಚಿಹ್ನೆಗಳ ಒಂದೊಂದು ಕೋಡ್‌ಪಾಯಿಂಟಿಗೂ ಮೂರು ಬೈಟ್. ‘ತುಮಕೂರು’ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ 7 ಕೋಡ್‌ಪಾಯಿಂಟ್, 21 ಬೈಟ್. ‘ವಿಷಯ ಉದ್ದವಾದರೆ 100 ಬೈಟಿಗೆ ಕತ್ತರಿಸು’ ಎಂದು ಬರೆದಿದ್ದರೆ 99ರ ನಂತರದ ಅಕ್ಷರ ಮೂರರಲ್ಲೊಂದು ಬೈಟಿಗೆ ತುಂಡಾಗುತ್ತೆ. ಡಿ-ಬಸ್ ಸರಿಯಾದ ಯುಟಿಎಫ್-8 ಬಿಟ್ಟು ಬೇರೇನೂ ಒಪ್ಪಲ್ಲ, ಹಾಗಾಗಿ ಸಂದೇಶ ಅರ್ಧವಲ್ಲ, ಪೂರ್ತಿಯೇ ಬರಲ್ಲ. ಕೋಡ್‌ಪಾಯಿಂಟ್ ಲೆಕ್ಕದಲ್ಲಿ ಕತ್ತರಿಸಿದರೆ ಸಂದೇಶ ಬರುತ್ತೆ, ಆದರೆ ‘ಕ್ಷ’ದ ನಡುವೆ ಕತ್ತರಿ ಬಿದ್ದರೆ ‘ಕ್’ ಉಳಿಯುತ್ತೆ. ಖಾಲಿ ಜಾಗ ಸಿಗುವವರೆಗೆ ಹಿಂದೆ ಸರಿದು ಕತ್ತರಿಸೋದು ಸರಳ, ಓದೋಕೂ ಚೆನ್ನ. ಹೊರಗಿನಿಂದ ಬಂದ ಪಠ್ಯವಾದರೆ ಕಳಿಸುವ ಮುಂಚೆ ಜಿ-ಲಿಬ್‌ನ ವ್ಯಾಲಿಡೇಟ್ ಫಂಕ್ಷನ್ನಿಗೆ ತೋರಿಸಿ. ಚೌಕ ಚೌಕ ಡಬ್ಬಿಗಳು ಕಂಡರೆ ಅದು ನಿಮ್ಮ ಟೂಲಿನ ತಪ್ಪಲ್ಲ, ಫಾಂಟ್ ಇಲ್ಲ ಅಂತ. ಡೆಬಿಯನ್, ಉಬುಂಟುವಿನಲ್ಲಿ ಲೋಹಿತ್ ಕನ್ನಡವೋ ಗುಬ್ಬಿಯೋ ಹಾಕಿ. (ಗುಬ್ಬಿ ಅಂದ ಕೂಡಲೇ ತುಮಕೂರಿನವರು ಬಸ್ ಹತ್ತಬೇಡಿ, ಅದೂ ಒಂದು ಫಾಂಟ್.)

ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂ ಎಬ್ಬಿಸುವ ಕ್ರಾನ್‌ನಿಂದ ಓಡಿಸುವವರ ದೂರು ಬೇರೆಯೇ: ‘ಟರ್ಮಿನಲ್ಲಿನಲ್ಲಿ ಬರುತ್ತೆ, ಕ್ರಾನ್‌ನಲ್ಲಿ ಬರಲ್ಲ’. ಕ್ರಾನ್‌ಗೆ ನಿಮ್ಮ ಸೆಷನ್ ಬಸ್ಸಿನ ವಿಳಾಸ ಗೊತ್ತಿರಲ್ಲ. ಸಿಸ್ಟಮ್‌ಡಿ (ಲಿನಕ್ಸಿನ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ) ಇರುವ ಈಗಿನ ಡೆಸ್ಕ್‌ಟಾಪುಗಳಲ್ಲಿ ಅದು ಬಹುತೇಕ ‘/ರನ್/ಯೂಸರ್/’ ಅಡಿಯಲ್ಲಿ ನಿಮ್ಮ ಯೂಸರ್ ನಂಬರಿನ ಫೋಲ್ಡರಿನೊಳಗೆ ಬಸ್ ಎಂಬ ಹೆಸರಿನ ಸಾಕೆಟ್. ಮೊದಲ ಬಳಕೆದಾರರಾದರೆ ನಂಬರ್ 1000. ಉಬುಂಟು 16.04ರಂಥ ಹಳೆಯದರಲ್ಲಿ ಪ್ರತಿ ಲಾಗಿನ್ನಿಗೂ ವಿಳಾಸ ಬದಲು. ಇನ್ನೊಂದು, ಕ್ರಾನ್‌ನಲ್ಲಿ ಭಾಷೆಯ ಲೊಕೇಲ್ ಬರೀ ‘ಸಿ’ ಆಗಿದ್ದರೆ ನೋಟಿಫೈ-ಸೆಂಡ್‌ಗೆ ಕನ್ನಡ ಕೊಟ್ಟಾಗ ‘ತಪ್ಪು ಬೈಟ್ ಸರಣಿ’ ಎಂಬ ಎರರ್ ಬರುತ್ತೆ, ಲೊಕೇಲನ್ನು ‘ಸಿ.ಯುಟಿಎಫ್-8’ ಮಾಡಬೇಕು. ಇದೆಲ್ಲದರ ಬದಲು ಸಿಸ್ಟಮ್‌ಡಿಯ ಯೂಸರ್ ಟೈಮರ್ ಬಳಸಿದರೆ ಬಸ್ಸಿನ ವಿಳಾಸ ತಾನಾಗಿ ಸಿಗುತ್ತೆ. ನಾನು ಕ್ರಾನ್ ಪಕ್ಷದವನಲ್ಲ.

ಬಿಲ್ಡ್ ಮಾಡಿದ ಬೈನರಿ ಹಂಚುವುದಾದರೆ ಒಂದೇ ನಿಯಮ: ನೀವು ಬೆಂಬಲಿಸುವ ಅತಿ ಹಳೆಯ ಸಿಸ್ಟಮ್ಮಿನ ಕಂಟೇನರಿನೊಳಗೆ (ನಿಮ್ಮ ಯಂತ್ರದಲ್ಲೇ ಬೇರೆಯಾಗಿ ಓಡುವ ಪುಟ್ಟ ಸಿಸ್ಟಮ್) ಬಿಲ್ಡ್ ಮಾಡಿ. ಸಿ ಭಾಷೆಯ ಮೂಲ ಲೈಬ್ರರಿ ಜಿಲಿಬ್‌ಸಿ (ಇದು ಜಿ-ಲಿಬ್ ಅಲ್ಲ) ಉಬುಂಟು 18.04ರದ್ದು 2.27, 20.04ರದ್ದು 2.31, 22.04ರದ್ದು 2.35, 24.04ರದ್ದು 2.39. 2021ರ 2.34ರಲ್ಲಿ ಪಿ-ಥ್ರೆಡ್ ಲೈಬ್ರರಿಯನ್ನು ಜಿಲಿಬ್‌ಸಿಯೊಳಗೇ ಸೇರಿಸಿ, ಪ್ರೋಗ್ರಾಂ ಶುರುಮಾಡುವ ಸಿಂಬಲಿಗೂ ಹೊಸ ಆವೃತ್ತಿಯ ಗುರುತು ಹಾಕಿದರು. ಹಾಗಾಗಿ 22.04ರಲ್ಲಿ ಕಂಪೈಲ್ ಮಾಡಿದ ‘ಹಲೋ ವರ್ಲ್ಡ್’ ಕೂಡ 20.04ರಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದು ನಿಲ್ಲುತ್ತೆ. ಉಲ್ಟಾ ದಿಕ್ಕಿನಲ್ಲಿ, ಹಳೆಯದರಲ್ಲಿ ಮಾಡಿದ್ದು ಹೊಸದರಲ್ಲಿ ಆರಾಮಾಗಿ ಓಡುತ್ತೆ. ಜಿ-ಲಿಬ್‌ಗೆ ‘ಗರಿಷ್ಠ ಅನುಮತಿಸಿದ ಆವೃತ್ತಿ’ ಎಂಬ ಮ್ಯಾಕ್ರೋ ಇದೆ, ಅದನ್ನು 18.04ರಲ್ಲಿರುವ 2.56ಕ್ಕೆ ಕಟ್ಟಿಹಾಕಿ. ಆಮೇಲೆ 2.68ರಲ್ಲಿ ಬಂದ ‘ಮೆಮ್‌ಡಪ್2’ನಂಥದ್ದನ್ನು ಗೊತ್ತಿಲ್ಲದೆ ಬಳಸಿದರೆ ಕಂಪೈಲರೇ ಎಚ್ಚರಿಸುತ್ತೆ.

ಪರೀಕ್ಷೆಗೆ ಪ್ರತಿ ಡೆಸ್ಕ್‌ಟಾಪನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕಂಟೇನರಿನಲ್ಲಿ ಎಕ್ಸ್‌ವಿಎಫ್‌ಬಿ ಎಂಬ ಕಾಣದ ಪರದೆ, ‘ಡಿಬಸ್-ರನ್-ಸೆಷನ್’ನಿಂದ ತಾತ್ಕಾಲಿಕ ಬಸ್, ಅದರೊಳಗೆ ಡನ್ಸ್ಟ್. ಪಕ್ಕದಲ್ಲಿ ಡಿಬಸ್-ಮಾನಿಟರ್ ಓಡಿಸಿದರೆ ಎಂಟೂ ಆರ್ಗ್ಯುಮೆಂಟ್ ಏನು ಹೋಯಿತು ಎಂದು ಕಾಣುತ್ತೆ. ನಾಲ್ಕು ಪರೀಕ್ಷೆ ಸಾಕು: & ಇರುವ ಹೆಸರು, ಉದ್ದದ ಕನ್ನಡ ವಾಕ್ಯ, ಒಂದೇ ಐಡಿಗೆ ಎರಡು ಸಲ ಕಳಿಸೋದು, ಸರ್ವರ್ ಇಲ್ಲದಾಗ ಏನಾಗುತ್ತೆ ಅನ್ನೋದು. ನಾಲ್ಕನೆಯದನ್ನೇ ಎಲ್ಲರೂ ಬಿಡೋದು.

ಯಾರಾದರೂ ‘ನಮ್ಮಲ್ಲಿ ಬರ್ತಿಲ್ಲ’ ಅಂದರೆ ಅವರಿಂದ ಕೇಳಬೇಕಾದ್ದು ‘ಗೆಟ್ ಸರ್ವರ್ ಇನ್‌ಫರ್ಮೇಶನ್’ ಮೆಥಡ್ಡಿನ ಉತ್ತರ. ಸರ್ವರಿನ ಹೆಸರು, ತಯಾರಕರು, ಅದರ ಆವೃತ್ತಿ, ಪಾಲಿಸುವ ಸ್ಪೆಸಿಫಿಕೇಶನ್ ಎಂದು ನಾಲ್ಕು ಪದ ಬರುತ್ತವೆ. ಜೊತೆಗೆ ಕೇಪಬಿಲಿಟಿ ಪಟ್ಟಿ ಮತ್ತು ಲೊಕೇಲ್. ಇದನ್ನು ಕೈಯಲ್ಲಿ ಟೈಪ್ ಮಾಡಿಸೋದು ಹಿಂಸೆ. ಟೂಲಿಗೇ ಒಂದು ‘ವರದಿ’ ಆಯ್ಕೆ ಕೊಟ್ಟುಬಿಡಿ. ಮಂಡಿಯಲ್ಲಿ ಕೂತವರು ಅದನ್ನು ಓಡಿಸಿ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರೆ ಆಯಿತು.