ಲಕ್ಷ ಸ್ವಾಗತ, ತಲೆಗೆ ಐವತ್ತು

ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಕೇಪ್ ಬ್ರೆಟನ್ ದ್ವೀಪಕ್ಕೆ ಕಾಲಿಟ್ಟವರನ್ನು 'ಕ್ಯಾದ್ ಮೀಲ ಫಾಲ್ಚ' ಎಂಬ ಫಲಕ ಎದುರುಗೊಳ್ಳುತ್ತದೆ. ಸ್ಕಾಟ್ಲೆಂಡಿನ ಬೆಟ್ಟಸೀಮೆ ಹೈಲ್ಯಾಂಡ್‌ನಿಂದ ಬಂದು ಇಲ್ಲಿ ನೆಲೆಸಿದವರ ಗೇಲಿಕ್ ಭಾಷೆಯಲ್ಲಿ ಹಾಗೆಂದರೆ ಲಕ್ಷ ಸ್ವಾಗತ. 2021ರ ಜನಗಣತಿಯ ಪ್ರಕಾರ ಇಡೀ ಕೆನಡಾದಲ್ಲಿ ಗೇಲಿಕ್ ಬಲ್ಲವರು ಸುಮಾರು 2 ಸಾವಿರ. ಅಂದಮೇಲೆ ಬಂದ ಪ್ರತಿ ಪ್ರವಾಸಿಗೂ ತಲಾ ಐವತ್ತು ಸಲ ಸ್ವಾಗತ ಹೇಳುವಷ್ಟರಲ್ಲಿ ಆ ಬಡಪಾಯಿಗಳ ಗಂಟಲು ಒಣಗಿರಬೇಕು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ಪ್ರಾಂತ್ಯವೊಂದರಲ್ಲೇ ಸುಮಾರು 50 ಸಾವಿರ ಮಂದಿ ಆ ಭಾಷೆ ಆಡುತ್ತಿದ್ದರು. ಶಾಲೆಯಲ್ಲಿ ಬಾಯ್ತಪ್ಪಿ ಗೇಲಿಕ್ ಆಡಿದ ಮಕ್ಕಳಿಗೆ ಬೆತ್ತದ ರುಚಿ ತೋರಿಸಿ, ಮನೆಯಲ್ಲಿ ಅಪ್ಪ ಅಮ್ಮನೇ 'ಇಂಗ್ಲಿಷ್ ಕಲಿ, ಉದ್ಧಾರ ಆಗ್ತೀಯ' ಎಂದು ಬುದ್ಧಿ ಹೇಳಿ, ಅಂತೂ ಆ ಕೆಲಸ ಮುಗಿಸಿದರು. ನಾಲಗೆ ಹೋಯಿತು. ಉಳಿದದ್ದು ಸೊಂಟ. ಅದಕ್ಕೆ ಏನಾದರೂ ಉಡಿಸಬೇಕಲ್ಲ?

1938ರಲ್ಲಿ ಸೇಂಟ್ ಆನ್ಸ್ ಎಂಬ ಹಳ್ಳಿಯಲ್ಲಿ ಪಾದ್ರಿ ಎ. ಡಬ್ಲ್ಯು. ಆರ್. ಮೆಕೆಂಜಿ ಗೇಲಿಕ್ ಕಾಲೇಜು ತೆರೆದರು. ಜಾಗದ ಆಯ್ಕೆಯೂ ಚೆನ್ನ. 1820ರಲ್ಲಿ ಈ ಊರನ್ನು ಕಟ್ಟಿದ ಇನ್ನೊಬ್ಬ ಪಾದ್ರಿ ನಾರ್ಮನ್ ಮೆಕ್ಲಿಯೋಡ್ 1851ರಲ್ಲಿ ಹಡಗು ಹತ್ತಿದವರು ತಿರುಗಿ ನೋಡಲಿಲ್ಲ. ಭಕ್ತರನ್ನೂ ಕಟ್ಟಿಕೊಂಡು ಕೊನೆಗೆ ನ್ಯೂಜಿಲೆಂಡ್ ಸೇರಿಕೊಂಡರು. ಹೊಸ ಕಾಲೇಜಿನಲ್ಲಿ ಭಾಷೆಯ ಪಾಠ ಇತ್ತು, ಇಲ್ಲವೆನ್ನಲಾಗದು. ಆದರೆ ಬ್ಯಾಗ್‌ಪೈಪು, ಗಂಡಸರು ಉಡುವ ಚೌಕಳಿ ಲಂಗವಾದ ಕಿಲ್ಟು, ಸ್ಪರ್ಧೆಯ ಹೈಲ್ಯಾಂಡ್ ಕುಣಿತ, ಮಗ್ಗದ ನೇಯ್ಗೆ ಇವುಗಳ ಗದ್ದಲದಲ್ಲಿ ಅದರ ದನಿ ಕೇಳಿಸಬೇಕಲ್ಲ? ದ್ವೀಪದ ಅಡುಗೆಮನೆಗಳಲ್ಲಿ ಅಜ್ಜಂದಿರ ಕಾಲದಿಂದ ಪಿಟೀಲು ನುಡಿಯುತ್ತಲೇ ಇತ್ತು, ಅದಕ್ಕೆ ತಕ್ಕ ಕುಣಿತವೂ ಇತ್ತು. ಆದರೆ ಪ್ಯಾಂಟು ತೊಟ್ಟು ಪಿಟೀಲು ಕುಯ್ಯುವ ಮುದುಕನ ಫೋಟೋ ಯಾವ ಪ್ರವಾಸಿಗೆ ಬೇಕು ಸ್ವಾಮಿ? ಬಾಯಿಗೆ ಮಾತಿಲ್ಲ, ಸೊಂಟಕ್ಕೆ ಕಿಲ್ಟು.

ಇನ್ನು ಕಿಲ್ಟಿನ ಬಟ್ಟೆಯ ಕತೆ. 1953ರಲ್ಲಿ ಬೆಸ್ಸಿ ಮರ್ರೆ ಎಂಬಾಕೆ ಕುರಿ ಸಾಕುವವರ ಪ್ರದರ್ಶನಕ್ಕೆಂದು ಒಂದು ಚಿತ್ರಫಲಕ ಮಾಡಿದರು. ಅದರಲ್ಲೊಬ್ಬ ಪುಟ್ಟ ಕುರುಬ. ಅವನಿಗೆ ಯಾವುದೋ ಒಂದು ಮನೆತನದ ಟಾರ್ಟನ್, ಅಂದರೆ ಆ ಮನೆತನದ ಗುರುತಿನ ಚೌಕಳಿ ಬಟ್ಟೆ, ಉಡಿಸಿದರೆ ಉಳಿದವರು ಮುನಿಸಿಕೊಂಡಾರು ಎಂದು, ಸಮುದ್ರಕ್ಕೆ ನೀಲಿ, ಕಾಡಿಗೆ ಹಸಿರು, ಬಂಡೆಗೂ ನೊರೆಗೂ ಬಿಳಿ ಎನ್ನುತ್ತ ಹೊಸ ಚೌಕಳಿಯನ್ನೇ ನೇಯ್ದರು. ಜನ ಮುಗಿಬಿದ್ದರು. ಗೊಂಬೆಯ ಲಂಗ ಸರಕಾರದ ಅಧಿಕೃತ ಟಾರ್ಟನ್ ಆಯಿತು. ಸ್ಕಾಟ್ಲೆಂಡಿನ ಬೆಟ್ಟದ ಜನರನ್ನು ಕುರಿ ಮೇಯಿಸಲೆಂದೇ ಜಮೀನುದಾರರು ಒಕ್ಕಲೆಬ್ಬಿಸಿದ್ದರು. ಮೊಮ್ಮಕ್ಕಳು ಪರಂಪರೆಯೆಂದು ಉಟ್ಟುಕೊಂಡದ್ದು ಕುರಿ ಪ್ರದರ್ಶನದ ಬಟ್ಟೆ! ವಿಧಿಗೂ ಹಾಸ್ಯಪ್ರಜ್ಞೆ ಇದೆ.

ಇಷ್ಟಕ್ಕೇ ನಿಲ್ಲಲಿಲ್ಲ. 1746ರ ಕಲೋಡನ್ ಕಾಳಗದಲ್ಲಿ ಹೈಲ್ಯಾಂಡರ್‌ಗಳನ್ನು ಬಗ್ಗುಬಡಿದು, ಗಂಡಸರು ಕಿಲ್ಟ್ ಉಟ್ಟರೆ ಆರು ತಿಂಗಳು ಜೈಲು ಎಂದು ಕಾನೂನು ಮಾಡಿದ್ದು ಬ್ರಿಟಿಷ್ ಸಿಂಹಾಸನ. ಕಾಲೇಜಿನವರು 2013ರಲ್ಲಿ ಅದೇ ಸಿಂಹಾಸನದಿಂದ 'ರಾಯಲ್' ಬಿರುದು ತಂದು ಹೆಸರಿನ ಮುಂದೆ ಅಂಟಿಸಿಕೊಂಡರು. ಗೇಲಿಕ್ ಆಡುವವರು ಕೆರಳಿ ಕೆಂಡವಾದರು. ಅವರಿಗೆ ಮಾತ್ರ ಹಳೆಯದೆಲ್ಲ ನೆನಪಿತ್ತು ನೋಡಿ, ಅದೂ ಗೇಲಿಕ್‌ನಲ್ಲಿ.

ಈಗ ಅಲ್ಲಿ ನಿಜಕ್ಕೂ ಗೇಲಿಕ್ ಕಲಿಸುತ್ತಾರೆ, ಅಡುಗೆಮನೆಯ ಪಿಟೀಲಿಗೂ ಮಣೆ ಹಾಕಿದ್ದಾರೆ. ಕಲಿತವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಸ್ವಾಗತ ಐವತ್ತರಿಂದ ಇಳಿಯುತ್ತದೆ. ನಲವತ್ತೊಂಬತ್ತಕ್ಕೆ ಬಂದ ದಿನ ಯಾರಾದರೂ ನನಗೊಂದು ಕಾಗದ ಹಾಕಿ.