ಟೆಸ್ಟೋಸ್ಟೆರಾನ್ ಮತ್ತು ಹಿಂಸೆ: ಒಂದು ಸ್ಪಷ್ಟನೆ

ಟೆಸ್ಟೋಸ್ಟೆರಾನ್ ಎಂಬುದು ಗಂಡಿನಲ್ಲಿ ಮುಖ್ಯವಾಗಿ ವೃಷಣದಲ್ಲಿ ತಯಾರಾಗುವ ಹಾರ್ಮೋನು. "ಟೆಸ್ಟೋಸ್ಟೆರಾನ್ ಹೆಚ್ಚಿದ್ದವನು ಹಿಂಸೆಗೆ ಇಳಿದೇ ಇಳಿಯುತ್ತಾನೆ, ರಕ್ತಪರೀಕ್ಷೆ ಮಾಡಿಸಿದರೆ ಮೊದಲೇ ಗೊತ್ತಾಗುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿಕೊಂಡಿದ್ದೆ. ಅದು ತಪ್ಪು.

ಈ ನಂಬಿಕೆಗೆ ಆಧಾರವೇ ಇಲ್ಲ ಎಂದಲ್ಲ. 1849ರಲ್ಲಿ ಜರ್ಮನಿಯ ವಿಜ್ಞಾನಿ ಆರ್ನಾಲ್ಡ್ ಬರ್ಟ್‌ಹೋಲ್ಡ್ ಎಳೆಯ ಹುಂಜಗಳ ವೃಷಣ ತೆಗೆದಾಗ ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು. ವೃಷಣವನ್ನು ಮತ್ತೆ ಕಸಿ ಮಾಡಿದ ಹುಂಜಗಳಲ್ಲಿ ಆ ನಡವಳಿಕೆ ಮರಳಿತು. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಗಂಡುಹಕ್ಕಿಗಳಲ್ಲಿ ಎದುರಾಳಿಯ ಸವಾಲು ಬಂದ ಮೇಲೆಯೇ ಈ ಹಾರ್ಮೋನು ಏರುವುದುಂಟು ಎಂದು 1990ರಲ್ಲಿ ವಿಜ್ಞಾನಿ ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ವಿವರಿಸಿದರು. ಅಂದರೆ ಜಗಳವೂ ಹಾರ್ಮೋನನ್ನು ಏರಿಸುತ್ತದೆ. ಸಾಂಗ್ ಸ್ಪ್ಯಾರೋ ಎಂಬ ಪುಟ್ಟ ಹಕ್ಕಿಯಂತೂ ರಕ್ತದಲ್ಲಿ ಟೆಸ್ಟೋಸ್ಟೆರಾನ್ ತೀರಾ ಕಡಿಮೆಯಿರುವ ಕಾಲದಲ್ಲೂ ತನ್ನ ನೆಲೆಗಾಗಿ ಕಾದಾಡುತ್ತದೆ.

ಮನುಷ್ಯರಲ್ಲಿ ಈ ನಂಟು ಇನ್ನೂ ದುರ್ಬಲ. ಹಾರ್ಮೋನಿನ ಮಟ್ಟ ನೋಡಿ ಒಬ್ಬರ ಸ್ವಭಾವ ಹೇಳಲಾಗದು. 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಟೆಸ್ಟೋಸ್ಟೆರಾನ್ ಪಡೆದ ಮಹಿಳೆಯರು ಹಣ ಹಂಚುವಾಗ ಹೆಚ್ಚು ನ್ಯಾಯವಾಗಿ ನಡೆದುಕೊಂಡರು. ಹಾರ್ಮೋನು ಸಿಕ್ಕಿದೆ ಎಂದು ನಂಬಿದ್ದವರು, ನಿಜವಾಗಿ ಸಿಕ್ಕಿರಲಿ ಬಿಡಲಿ, ಕಡಿಮೆ ನ್ಯಾಯ ತೋರಿದರು. ನನ್ನನ್ನು ಬಹಳ ಕಾಡಿದ್ದು ಈ ಸಂಗತಿ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನು ಹಾಕಿ.